ಹಿಮಾಲಯ ಗಂಡಸರಿಗೆ ಮಾತ್ರ

ಇವತ್ತು ಬೆಳಿಗ್ಗೆ ಪಕ್ಕದ ಮನೆಯ ರಾಯರು ಪೇಪರ್ ಓದಲು ಬಂದವರು ನಮ್ಮ ಜಗಲಿಯಲ್ಲಿ ಮುಕ್ಕಾಲು ಗಂಟೆ ಕುಳಿತರು. ನಮ್ಮವರು ಮೊಬೈಲಿನಲ್ಲಿ ಹಿಮಾಲಯದ ಬಿಸಿನೀರ ಬುಗ್ಗೆಯಾದ ಖೀರ್‌ಗಂಗಾದ ಫೋಟೋಗಳನ್ನು ಒಂದೊಂದಾಗಿ ಸರಿಸುತ್ತಾ, “ಕುತ್ತಿಗೆಯವರೆಗೆ ಬಿಸಿನೀರು ರಾಯರೇ, ಕಣ್ಣೆದುರಿಗೆ ಹಿಮದ ಬೆಟ್ಟ. ಸ್ವರ್ಗ ಬೇರೆಲ್ಲೂ ಇಲ್ಲ” ಎಂದರು. ಊರಿಗೆ ಬಂದು ನಾಲ್ಕು ದಿನವಾಯಿತು. ಈ ಸ್ವರ್ಗದ ವರ್ಣನೆ ಹಾಲಿನವನಿಗೂ ತಲುಪಿದೆ, ಔಷಧಿ ಅಂಗಡಿಯವನಿಗೂ ತಲುಪಿದೆ. ರಾಯರು ಸೌಜನ್ಯಕ್ಕೆ ನನ್ನ ಕಡೆ ತಿರುಗಿ, “ನಿಮಗೂ ಹಾಗೇ ಅನ್ನಿಸಿತೇನಮ್ಮ?” ಎಂದು ಕೇಳಿದರು. ನಾನು ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಬಂದೆ. ಲೋಟ ಇನ್ನೂ ತೊಳೆದಿಲ್ಲ, ಇದನ್ನು ಬರೆಯಲು ಕುಳಿತಿದ್ದೇನೆ.

ನನಗೆ ಅಲ್ಲಿ ಕಂಡದ್ದು ಗೋಡೆ.

ನನ್ನ ಬಲಮಂಡಿಯ ಚರಿತ್ರೆ ನಿಮಗೆಲ್ಲ ಬಾಯಿಪಾಠವಾಗಿದೆ, ಮತ್ತೆ ಹೇಳುವುದಿಲ್ಲ. ಆ ಮಂಡಿಯನ್ನು ಕಟ್ಟಿಕೊಂಡು ಹಿಮಾಚಲದ ಪಾರ್ವತಿ ಕಣಿವೆಯಲ್ಲಿ ನಾನು ಖೀರ್‌ಗಂಗಾಕ್ಕೆ ಹತ್ತಿದ್ದು ಎಲ್ಲರಿಗೂ ಆಶ್ಚರ್ಯ. (2025ರ ಆಗಸ್ಟಿನಲ್ಲಿ ಧರಾಲಿಯನ್ನು ಕೊಚ್ಚಿಹಾಕಿದ ಖೀರ್‌ಗಂಗಾ ಇದಲ್ಲ, ಅದು ಉತ್ತರಾಖಂಡದ ಹಳ್ಳ. ಗಾಬರಿಯಿಂದ ಫೋನ್ ಮಾಡಿದ ಮೂವರು ಅತ್ತಿಗೆಯರಿಗೂ ಇದೇ ಉತ್ತರ.) ಭುಂತರ್‌ನಿಂದ ಕಸೋಲ್, ಮಣಿಕರಣ್ ದಾಟಿ ಬರ್ಶೈಣಿಗೆ ಬಂದರೆ ಮೋಟಾರು ರಸ್ತೆ ಮುಗಿಯಿತು. ಅಲ್ಲಿಂದ ಸುಮಾರು 12 ಕಿಲೋಮೀಟರ್ ಕಾಲೇ ಗತಿ. ನಖ್ತಾನ್ ಎಂಬ ಹಳ್ಳಿ ಸಿಗುತ್ತದೆ, ರುದ್ರನಾಗ್ ಜಲಪಾತ ಸಿಗುತ್ತದೆ, ಆಮೇಲೆ ಕಾಡಿನೊಳಗೆ ಬರೀ ಏರು. ಮೇಲೆ ತಲುಪಿದಾಗ 2,900 ಮೀಟರಿಗೂ ಹೆಚ್ಚು ಎತ್ತರದಲ್ಲಿರುತ್ತೀರಿ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಯ ಮೇಲೆ ಇನ್ನೊಂದು ಸಾವಿರ ಮೀಟರ್ ಪೇರಿಸಿದ ಹಾಗೆ. ಬೇರೆಯವರು ಐದಾರು ಗಂಟೆಯಲ್ಲಿ ಮುಗಿಸುವ ದಾರಿಗೆ ನಾನು ಎಂಟು ಗಂಟೆ ತೆಗೆದುಕೊಂಡೆ. ಹೊರೆ ಹೊತ್ತ ಹೇಸರಗತ್ತೆಗಳು ನನ್ನನ್ನು ಎರಡು ಸಲ ದಾಟಿಹೋದವು, ಹೋಗುವಾಗ ಒಮ್ಮೆ, ಕೆಲಸ ಮುಗಿಸಿ ಹಿಂತಿರುಗುವಾಗ ಒಮ್ಮೆ.

ಇಷ್ಟು ಕಷ್ಟ ಯಾಕೆ ಪಟ್ಟೆನೆಂದರೆ ಒಂದೇ ಒಂದು ಆಸೆಗೆ. ಮೈಯೆಲ್ಲ ಬಿಸಿನೀರಿನಲ್ಲಿ, ಮುಖ ಚಳಿಯಲ್ಲಿ, ಕಣ್ಣು ಹಿಮದಲ್ಲಿ. ಈ ಮೂರೂ ಒಟ್ಟಿಗೆ. ಇವುಗಳಲ್ಲಿ ಯಾವ ಒಂದು ಬೇಕೆಂದರೂ 12 ಕಿಲೋಮೀಟರ್ ನಡೆಯಬೇಕಾಗಿರಲಿಲ್ಲ.

ಹುಲ್ಲುಗಾವಲಿನ ಮೇಲ್ತುದಿಯಲ್ಲಿ ಕುಂಡ. ಗಂಡಸರದು ವಿಶಾಲವಾದ ತೆರೆದ ಕೊಳ. ಅಂಚಿಗೆ ಗಲ್ಲ ಊರಿದರೆ ಇಡೀ ಕಣಿವೆ, ಆಚೆಗೆ ಸಾಲುಬೆಟ್ಟ, ಅದರ ಮೇಲೆ ಹಿಮ. ಹೆಂಗಸರದು ಪಕ್ಕದಲ್ಲೇ ಗೋಡೆ ಕಟ್ಟಿ ಮುಚ್ಚಿದ ಜಾಗ. ನಮ್ಮವರು ಟವೆಲ್ ಹೆಗಲಿಗೆ ಹಾಕಿಕೊಂಡು ಅತ್ತ ಹೋದರು, ನಾನೂ ನನ್ನ ತಂಗಿಯ ಮಗಳೂ ಇತ್ತ ಹೋದೆವು. ಒಳಗೆ ಹೋಗಿ ಕುಳಿತೆ. ನೀರು ಅಮೃತದಂತಿತ್ತು, ಸುಳ್ಳು ಹೇಳುವುದಿಲ್ಲ. ಕಣ್ಣು ತೆರೆದರೆ ಎದುರಿಗೆ ಗೋಡೆ. ಅದರ ಮೇಲೆ ನೀರಿಳಿದ ಕಲೆಗಳು. ಒಂದು ಕಲೆ ಸ್ವಲ್ಪ ಬೆಟ್ಟದ ಆಕಾರದಲ್ಲಿತ್ತು. ನಾನು ಅದನ್ನೇ ನೋಡುತ್ತಾ ಕುಳಿತೆ.

ಹೊರಗೆ ಬಂದಾಗ ನಮ್ಮವರು ಕೆಂಪಗೆ ಬೆಂದ ಗೆಣಸಿನಂತೆ ಹೊಳೆಯುತ್ತಿದ್ದರು. “ಎಂಥ ನೋಟ ಕಣೇ!” ಎಂದು ಫೋಟೋ ತೋರಿಸಿದರು. ಹೀಗೆ ನಾನು ಹಿಮಾಲಯವನ್ನು ಹಿಮಾಲಯದಲ್ಲೇ ನಿಂತು ಮೊಬೈಲಿನಲ್ಲಿ ನೋಡಿದೆ.

ಕಮೆಂಟಿನಲ್ಲಿ ಏನು ಬರುತ್ತದೆಂದು ಗೊತ್ತಿದೆ. “ಮೇಡಂ, ಹೊರಗೆ ನಿಂತರೆ ಅದೇ ಬೆಟ್ಟ ಕಾಣುವುದಿಲ್ಲವೇ?” ಕಾಣುತ್ತದೆ ಸ್ವಾಮಿ. ಎರಡು ಸ್ವೆಟರ್, ಮಂಗನ ಟೊಪ್ಪಿ, ನಡುಗುವ ಹಲ್ಲುಗಳ ಜೊತೆಗೆ ಕಾಣುತ್ತದೆ. ಹೋಳಿಗೆಯನ್ನು ಬೆಳಿಗ್ಗೆ ಕೊಟ್ಟು ತುಪ್ಪವನ್ನು ರಾತ್ರಿ ಕೊಟ್ಟರೆ ನೀವು ಸುಮ್ಮನಿರುತ್ತೀರಾ?

ಈ ಸಿಟ್ಟು ಖೀರ್‌ಗಂಗಾದಲ್ಲಿ ಹುಟ್ಟಿದ್ದಲ್ಲ, ಅದೂ ಗೊತ್ತಿದೆ. ಇದು ನಮ್ಮ ಅಜ್ಜನ ಮನೆಯ ಬಚ್ಚಲಿನಿಂದ ಬಂದದ್ದು. ದೊಡ್ಡ ತಾಮ್ರದ ಹಂಡೆ. ನರಕ ಚತುರ್ದಶಿಯ ಹಿಂದಿನ ಸಂಜೆ ಬಾವಿಯಿಂದ ನೀರು ಸೇದಿ ತುಂಬುವವರು ಹೆಂಗಸರು, ಹಂಡೆಗೆ ಹಿಂಡಲೆಕಾಯಿಯ ಬಳ್ಳಿ ಸುತ್ತುವವರು ಹೆಂಗಸರು, ನಸುಕಿಗೆ ಎದ್ದು ಹೊಗೆ ಕುಡಿಯುತ್ತಾ ಅಡಿಕೆ ಹಾಳೆ ತುರುಕಿ ಒಲೆ ಹೊತ್ತಿಸುವವರು ಹೆಂಗಸರು. ಮೀಯುವ ಸರದಿ ಮಾತ್ರ ಅಜ್ಜನಿಂದ ಶುರುವಾಗಿ, ಚಿಕ್ಕಪ್ಪಂದಿರು, ಅಳಿಯಂದಿರು, ಗಂಡುಮಕ್ಕಳು ಮುಗಿದು, ಅಮ್ಮನಿಗೆ ಬರುವಾಗ ಹತ್ತೂವರೆ ಗಂಟೆ. ಹಂಡೆಯ ತಳದಲ್ಲಿ ಉಗುರು ಬೆಚ್ಚಗಿನ ನಾಲ್ಕು ಚೊಂಬು. ಅಮ್ಮ ಅದನ್ನು ಒಂದು ದಿನವೂ ದೂರಲಿಲ್ಲ. ಅವಳ ಪಾಲಿನ ದೂರನ್ನೂ ನಾನೇ ಹೇಳುತ್ತಿದ್ದೇನೆ ಎಂದುಕೊಳ್ಳಿ.

ಹಾಗಿರುವಾಗ ಯಾರೂ ಉರಿ ಹಾಕಬೇಕಿಲ್ಲದ ನೀರು ಎಂದರೆ ನನಗೆ ಎಷ್ಟು ದೊಡ್ಡ ವಿಷಯ, ಯೋಚಿಸಿ. (ಗೀಸರ್ ಬಂದು ಮೂವತ್ತು ವರ್ಷವಾಯಿತಲ್ಲ ಎನ್ನಬೇಡಿ. ಅದರ ಸ್ವಿಚ್ಚು ಹಾಕುವವಳೂ ನಾನೇ, ಆರಿಸಲು ಮರೆತದ್ದಕ್ಕೆ ಬೈಸಿಕೊಳ್ಳುವವಳೂ ನಾನೇ.) ಹಿಮಾಲಯದ ಈ ಬುಗ್ಗೆಗಳಿಗೆ ಜ್ವಾಲಾಮುಖಿಯ ಹಂಗೂ ಇಲ್ಲ. ಮಳೆಯ ನೀರು, ಕರಗಿದ ಹಿಮದ ನೀರು ಬಂಡೆಯ ಬಿರುಕುಗಳಲ್ಲಿ ಆಳಕ್ಕೆ ಇಳಿಯುತ್ತದೆ. ಭಾರತದ ನೆಲ ಏಷ್ಯಾದ ನೆಲವನ್ನು ಇಂದಿಗೂ ಒತ್ತುತ್ತಲೇ ಇರುವ ಜಾಗವಾದ್ದರಿಂದ ಅಲ್ಲಿ ನೆಲದಡಿಯ ಶಾಖ ಹೆಚ್ಚು, ಬಿರುಕುಗಳೂ ಹೆಚ್ಚು. ಕಾದ ನೀರು ಮತ್ತೊಂದು ಬಿರುಕು ಹಿಡಿದು ಮೇಲೆ ಬರುತ್ತದೆ. ಲಡಾಖಿನ ಪೂಗಾ, ಚುಮಾಥಂಗ್, ಪನಾಮಿಕ್‌ಗಳಲ್ಲೂ ಇದೇ ಕಥೆ. ನಮ್ಮ ಪುತ್ತೂರಿನ ಹತ್ತಿರ ಇರ್ದೆಯ ಬೆಂದ್ರ್ ತೀರ್ಥವೂ ಬಿಸಿನೀರ ಬುಗ್ಗೆಯೇ, ತುಳುವಿನಲ್ಲಿ ಬೆಂದ್ರ್ ಎಂದರೇ ಬಿಸಿನೀರು. ಆದರೆ ಅದು ನಮ್ಮ ಅಮ್ಮನ ಪಾಲಿಗೆ ಉಳಿಯುತ್ತಿದ್ದ ನೀರಿಗಿಂತ ಸ್ವಲ್ಪ ಬಿಸಿ, ಅಷ್ಟೇ. ಮಣಿಕರಣ್‌ನದು ಕುದಿಯುವ ನೀರು. ಬಟ್ಟೆಯಲ್ಲಿ ಅಕ್ಕಿ ಕಟ್ಟಿ ಕುಂಡಕ್ಕೆ ಇಳಿಬಿಟ್ಟರೆ ಅನ್ನ, ಗುರುದ್ವಾರದ ಲಂಗರಿನ ಪಾತ್ರೆಗಳೂ ಅಲ್ಲೇ ಬೇಯುತ್ತವೆ. ಅಂದರೆ ಸಾವಿರಾರು ವರ್ಷಗಳಿಂದ ಭೂಮಿತಾಯಿ ಒಬ್ಬಳೇ ಸೌದೆಯಿಲ್ಲದೆ ಒಲೆ ಉರಿಸುತ್ತಿದ್ದಾಳೆ. ಒಲೆ ಉರಿಸುವವಳು ಇಲ್ಲಿಯೂ ಹೆಂಗಸೇ, ಗಮನಿಸಿ. ನೋಟದ ಪಾಲು ಮಾತ್ರ ಅಜ್ಜನಿಗೆ.

ಇನ್ನು ಆ ಕಣಿವೆಯ ಹೆಸರು ನೋಡಿ. ಪಾರ್ವತಿ. ನದಿಯ ಹೆಸರೂ ಪಾರ್ವತಿ. ಮಣಿಕರಣ್ ಎಂಬ ಹೆಸರು ಬಂದದ್ದು ಪಾರ್ವತಿಯ ಕಿವಿಯ ಮಣಿ ಅಲ್ಲಿನ ನೀರಿಗೆ ಬಿದ್ದು ಕಳೆದುಹೋದದ್ದರಿಂದ. ಖೀರ್‌ಗಂಗಾದಲ್ಲಿ ತಪಸ್ಸಿಗೆ ಕುಳಿತದ್ದು ಅವಳ ಮಗ ಕಾರ್ತಿಕೇಯ, ನೀರು ಪಾಯಸದಂತೆ ಬೆಳ್ಳಗೆ ಹರಿದದ್ದರಿಂದ ಈ ಹೆಸರು ಎನ್ನುತ್ತಾರೆ. ಎಲ್ಲ ಕಡೆಯೂ ಅವಳದೇ ಸಂಸಾರ, ಅವಳದೇ ಒಡವೆ. ಅವಳ ಕಣಿವೆಯಲ್ಲಿ ಅವಳ ಹೆಣ್ಣುಮಕ್ಕಳಿಗೆ ನಾಲ್ಕು ಗೋಡೆ.

ಈಗ ಯಾರಾದರೂ ಪುರಾಣ ಬಲ್ಲವರು, “ಪಾರ್ವತಿಯೂ ಸ್ನಾನಕ್ಕೆ ಹೋಗುವಾಗ ಗಣಪತಿಯನ್ನು ಬಾಗಿಲಿಗೆ ನಿಲ್ಲಿಸಿದ್ದಳಲ್ಲ” ಎನ್ನುತ್ತಾರೆ. ಅದನ್ನೇ ನಾನೂ ಹೇಳುತ್ತಿರುವುದು ಮಾರಾಯರೇ! ಅವಳು ಕಾವಲು ನಿಲ್ಲಿಸಿದಳು, ಕೈಲಾಸಕ್ಕೆ ಗೋಡೆ ಕಟ್ಟಲಿಲ್ಲ. ಗಂಡನೇ ಬಂದರೂ ಹೊರಗೆ ನಿಲ್ಲು ಎನ್ನಿಸಿದಳು. ಮುಂದೆ ಆದದ್ದು ಬೇರೆ ವಿಷಯ, ಅದಕ್ಕೂ ಸಿಟ್ಟು ಮಾಡಿಕೊಂಡವರು ಯಾರು ಎನ್ನುವುದನ್ನು ನೆನಪಿಸುವುದಿಲ್ಲ.

ಸುರಕ್ಷತೆಯ ಮಾತನ್ನು ನಾನು ಮರೆತಿಲ್ಲ. ಅದನ್ನು ಹೇಳಿದವಳು ನನ್ನ ತಂಗಿಯ ಮಗಳೇ. ಇಪ್ಪತ್ತನಾಲ್ಕರ ಹುಡುಗಿ, ನನಗಿಂತ ಹತ್ತು ಪಟ್ಟು ಧೈರ್ಯಸ್ಥೆ, ದಾರಿಯುದ್ದಕ್ಕೂ ನನ್ನ ಚೀಲವನ್ನೂ ಹೊತ್ತವಳು. “ದೊಡ್ಡಮ್ಮ, ಗೋಡೆ ಇರಲಿ ಬಿಡು. ಅದು ಇಲ್ಲದಿದ್ದರೆ ನಾನು ಇಳಿಯುತ್ತಲೇ ಇರಲಿಲ್ಲ. ಹೊರಗೆ ಎಷ್ಟು ಜನ ಮೊಬೈಲ್ ಹಿಡಿದು ನಿಂತಿದ್ದಾರೆ ನೋಡಿದೆಯಾ?” ಎಂದಳು. ನೋಡಿದ್ದೆ. ಅದಕ್ಕೇ ಕೇಳುತ್ತಿದ್ದೇನೆ, ಇಣುಕುವವರು ಅವರು, ಗೋಡೆ ನಮಗೇಕೆ? ಬೇಲಿ ಹಾರುವ ಹೋರಿಗೆ ಕುಂಟೆ ಕಟ್ಟುತ್ತೇವೆಯೇ ಹೊರತು ಹುಲ್ಲಿಗೆ ಕುಂಟೆ ಕಟ್ಟುವುದಿಲ್ಲವಲ್ಲ. ಮುಚ್ಚಿದ ಜಾಗದಲ್ಲಿ ಗಂಡಸರು ಕುಳಿತು, ತೆರೆದ ಕೊಳದ ಸುತ್ತ ಗಂಡಸರು ಸುಳಿಯದ ಹಾಗೆ ಮಾಡಿದ್ದರೂ ಲೆಕ್ಕ ಸರಿಹೋಗುತ್ತಿತ್ತು. ಆ ದಾರಿ ಯಾರಿಗೂ ಹೊಳೆಯಲಿಲ್ಲ. ಹೊಳೆದಿದ್ದರೂ ಅಜ್ಜ ಒಪ್ಪುತ್ತಿರಲಿಲ್ಲ.

ಇಲ್ಲಿಯವರೆಗೆ ಜೋರಾಗಿ ಬರೆದೆ. ಈಗ ಒಂದು ವಿಷಯ ಒಪ್ಪಿಕೊಳ್ಳಬೇಕು, ಇಲ್ಲದಿದ್ದರೆ ಜೊತೆಗಿದ್ದ ಹುಡುಗಿಯೇ ಕೆಳಗೆ ಬಂದು ಬರೆಯುತ್ತಾಳೆ. ಗೋಡೆಯಿಲ್ಲದಿದ್ದರೆ ನಾನೂ ನೀರಿಗೆ ಇಳಿಯುತ್ತಿರಲಿಲ್ಲ. ಐವತ್ತೇಳು ವರ್ಷದ ಮೈ, ಎರಡು ಸಿಸೇರಿಯನ್ ಗೆರೆ. ಕನ್ನಡಿಯ ಮುಂದೆಯೂ ನಾನು ಅವಸರದಲ್ಲಿ ಸೀರೆ ಸುತ್ತಿಕೊಳ್ಳುವವಳು. ಒಳಗೆ ಏಳೆಂಟು ಹೆಂಗಸರಿದ್ದರು. ಎಲ್ಲರ ಮೈಮೇಲೂ ಏನಾದರೊಂದು ಗೆರೆ, ಏನಾದರೊಂದು ಕಲೆ, ಯಾರೂ ಯಾರದನ್ನೂ ನೋಡುತ್ತಿರಲಿಲ್ಲ. ಕುಲ್ಲು ಕಡೆಯ ಒಬ್ಬ ಅಜ್ಜಿ ಮೈಗೆ ಸುತ್ತಿಕೊಳ್ಳುವ ತನ್ನ ಉಣ್ಣೆಯ ಪಟ್ಟುವನ್ನು ಅಚ್ಚುಕಟ್ಟಾಗಿ ಮಡಿಸಿಟ್ಟು ಕುಳಿತಿದ್ದರು. ನಾನು ಕುಂಟುತ್ತಾ ಇಳಿದದ್ದನ್ನು ನೋಡಿ ಹತ್ತಿರ ಬಂದು, ಹೇಳದೆ ಕೇಳದೆ ನನ್ನ ಮಂಡಿಯನ್ನು ಎರಡೂ ಕೈಯಲ್ಲಿ ಹಿಡಿದು, ನೀರು ಹೆಚ್ಚು ಬಿಸಿಯಿದ್ದ ಕಡೆಗೆ ತಿರುಗಿಸಿಟ್ಟು ನೀವತೊಡಗಿದರು. ಅವರ ಪಹಾಡಿ ನನಗೆ ತಿಳಿಯದು, ನನ್ನ ಹಿಂದಿ ಯಾರಿಗೂ ತಿಳಿಯದು. ಕಾಲು ಗಂಟೆ ನೀವಿರಬಹುದು. ಅಮ್ಮ ಹೋದ ಮೇಲೆ ನನ್ನ ಕಾಲನ್ನು ಹಾಗೆ ಯಾರೂ ಮುಟ್ಟಿರಲಿಲ್ಲ, ಬಿಲ್ಲು ಕೊಟ್ಟು ಒತ್ತಿಸಿಕೊಂಡ ಫಿಸಿಯೋಥೆರಪಿಯವರನ್ನು ಬಿಟ್ಟು. ನೀರಿನ ಆವಿ ಕಣ್ಣಿಗೆ ಬಂತು ಎಂದು ಅವತ್ತು ಹೇಳಿದ್ದೆ.

ಹಾಗಾದರೆ ಗೋಡೆ ಒಳ್ಳೆಯದೇ ಆಯಿತಲ್ಲ ಎನ್ನಬೇಡಿ. ಕಣಿವೆಯ ಕಡೆಯ ಒಂದು ಗೋಡೆಯನ್ನು ಎದೆಮಟ್ಟಕ್ಕೆ ಇಳಿಸಿದ್ದರೆ ಆ ಅಜ್ಜಿಯೇನೂ ಎದ್ದುಹೋಗುತ್ತಿರಲಿಲ್ಲ. ಅವರು ಎಷ್ಟು ಸಲ ಅಲ್ಲಿಗೆ ಬಂದಿದ್ದಾರೋ, ಅವರಿಗೂ ಅಷ್ಟೂ ಸಲ ಗೋಡೆಯೇ ಕಂಡಿರಬೇಕು.

ಗೋಡೆಯನ್ನು ಮುಟ್ಟದೆಯೂ ದಾರಿಯಿದೆ. ಜಪಾನಿನಲ್ಲಿ ಬಿಸಿನೀರ ಬುಗ್ಗೆಗಳಿಗೆ ಓನ್ಸೆನ್ ಎನ್ನುತ್ತಾರೆ. ಅಲ್ಲಿಯೂ ಸಾಮಾನ್ಯವಾಗಿ ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ. ಬಾಗಿಲಿಗೆ ಒಂದು ಬಟ್ಟೆಯ ಪರದೆ ನೇತುಹಾಕುತ್ತಾರೆ, ಗಂಡಸರಿಗೆ ನೀಲಿ, ಹೆಂಗಸರಿಗೆ ಕೆಂಪು. ಎಷ್ಟೋ ವಸತಿಗೃಹಗಳಲ್ಲಿ ರಾತ್ರಿ ಕಳೆದು ಬೆಳಗಾಗುವಾಗ ಆ ಪರದೆಗಳನ್ನು ಅದಲುಬದಲು ಮಾಡುತ್ತಾರೆ. ಸಂಜೆ ಯಾರಿಗೆ ಕಲ್ಲಿನ ಕೊಳವೋ, ಬೆಳಿಗ್ಗೆ ಅವರಿಗೆ ನೋಟದ ಕೊಳ. ಅಣ್ಣನ ಮಗ ಅಲ್ಲಿದ್ದಾಗ ಇದನ್ನು ಹೇಳಿದ್ದ. ಖರ್ಚು ಎರಡು ಗಜ ಬಟ್ಟೆ. ಬೆಳಿಗ್ಗೆ ಎರಡು ಗಂಟೆ ತೆರೆದ ಕೊಳ ಹೆಂಗಸರಿಗೆ ಎಂದು ಒಂದು ಹಲಗೆ ಬರೆದು ನಿಲ್ಲಿಸಿದರೆ ಖೀರ್‌ಗಂಗಾದಲ್ಲಿ ಪ್ರಳಯವಾಗುತ್ತದೆಯೇ? ನಮ್ಮವರಿಗೆ ಹೇಳಿದೆ. “ಜಪಾನಿನವರ ಶಿಸ್ತು ನಮ್ಮವರಿಗೆಲ್ಲಿ?” ಎಂದರು. ಶಿಸ್ತಿಲ್ಲದವರು ಕೊಳದಲ್ಲಿ, ಶಿಸ್ತಿರುವವರು ಗೋಡೆಯೊಳಗೆ. ಬಹಳ ಸರಿಯಾದ ವ್ಯವಸ್ಥೆ.

ಕೊನೆಯದಾಗಿ ಒಂದು ವಿಷಯ. ಇದು ನಮ್ಮವರಿಗೆ ಗೊತ್ತಿಲ್ಲ, ಈಗ ಗೊತ್ತಾಗುತ್ತದೆ. ಮರುದಿನ ಬೆಳಗಿನ ಜಾವ ಐದು ಗಂಟೆಗೆ, ಅವರು ಎರಡು ರಜಾಯಿಯೊಳಗೆ ಗೊರಕೆ ಹೊಡೆಯುತ್ತಿದ್ದಾಗ, ನಾನು ಹುಡುಗಿಯನ್ನು ಎಬ್ಬಿಸಿದೆ. ಬೈಯುತ್ತಲೇ ಎದ್ದು ಬಂದಳು. ಗಂಡಸರ ಕೊಳದಲ್ಲಿ ಒಬ್ಬರೂ ಇರಲಿಲ್ಲ. ಅವಳು ಟಾರ್ಚು ಹಿಡಿದು ಥೇಟ್ ಗಣಪತಿಯಂತೆ ಮೆಟ್ಟಿಲ ಮೇಲೆ ನಿಂತಳು. ನಾನು ಚೂಡಿದಾರದಲ್ಲೇ ಇಳಿದೆ. ಕುತ್ತಿಗೆಯವರೆಗೆ ನೀರು, ಅಂಚಿಗೆ ಗಲ್ಲ.

ಮಂಜು. ಕೈ ಚಾಚಿದರೆ ಬೆರಳು ಕಾಣದಷ್ಟು ಮಂಜು. ಆ ಗೋಡೆಯ ಮೇಲೆ ಬೆಟ್ಟದಂಥ ಕಲೆಯಾದರೂ ಇತ್ತು, ಇಲ್ಲಿ ಅದೂ ಇಲ್ಲ.

ಸ್ವಲ್ಪ ಹೊತ್ತಿಗೆ ಟವೆಲ್ ಸುತ್ತಿಕೊಂಡು ಒಬ್ಬ ಹುಡುಗ ಬಂದ. ನಮ್ಮ ಗಣಪತಿ ಟಾರ್ಚನ್ನು ಅವನ ಮುಖಕ್ಕೆ ಹಿಡಿದು, ಒಳಗೆ ಹೆಂಗಸರಿದ್ದಾರೆ ಎಂದಳು. ಅವನು ಜಗಳವಾಡಲಿಲ್ಲ, ಇಣುಕಲೂ ಇಲ್ಲ. ಕೆಳಗಿನ ಮೆಟ್ಟಿಲಿಗೆ ಹೋಗಿ ಬೆನ್ನು ತಿರುಗಿಸಿ ಕುಳಿತ. ಆ ಚಳಿಯಲ್ಲಿ ಇಪ್ಪತ್ತು ನಿಮಿಷ, ಒಂದು ಟವೆಲಿನಲ್ಲಿ. ಪಾಪ, ಅವನ ಹಲ್ಲು ಕಟಕಟ ಎನ್ನುವುದು ನನಗೆ ಕೇಳಿಸುತ್ತಿತ್ತು.

“ದೊಡ್ಡಮ್ಮ, ಬೆಟ್ಟ ಕಾಣುತ್ತಿದೆಯಾ?” ಎಂದು ಮೇಲಿನಿಂದ ಕೇಳಿದಳು.

“ಇಲ್ಲ, ಬರೀ ಮಂಜು.”

“ಹಾಗಾದರೆ ಎದ್ದು ಬಾ, ಆ ಹುಡುಗ ಹೆಪ್ಪುಗಟ್ಟುತ್ತಾನೆ.”

“ಇನ್ನು ಐದು ನಿಮಿಷ” ಎಂದೆ.