ಆ ದಪ್ಪ ಜಾಕೆಟ್ಟಿಗೆ ಒಂದು ನಮಸ್ಕಾರ

ಈಗಷ್ಟೇ ಗೆಳೆಯನೊಬ್ಬನ ಬ್ಯಾಗ್ ನೋಡಿ ಬಂದೆ. ತಲೆ ಇನ್ನೂ ಬಿಸಿಯಾಗಿದೆ. ವಸಂತ ಕಾಲದಲ್ಲಿ ಹದಿನೈದು ದಿನ ಬೆಟ್ಟ ಸುತ್ತಲು ಹೊರಟವನ ಬ್ಯಾಗಿನ ಅರ್ಧಕ್ಕೆ ಒಂದೇ ಒಂದು ದಪ್ಪ ಜಾಕೆಟ್ ಆರಾಮಾಗಿ ಕೂತಿದೆ. ಉಳಿದರ್ಧದಲ್ಲಿ ಎರಡು ಜೀನ್ಸು, ಐದು ಕಾಟನ್ ಟೀ ಶರ್ಟು. ಕೇಳಿದರೆ "ಚಳಿ ಇರುತ್ತೆ ಮಾರಾಯಾ" ಅಂತಾನೆ. ಇಲ್ಲ ಅಂದವರು ಯಾರು?

ವಸಂತದ ತೊಂದರೆ ಬರೀ ಚಳಿಯಲ್ಲ, ಅದರ ಚಂಚಲ ಬುದ್ಧಿ. ಬೆಳಗ್ಗೆ ಟೆಂಟಿನ ಮೇಲೆ ಮಂಜು ಗಟ್ಟಿಯಾಗಿ ಕೂತಿರುತ್ತದೆ, ಮಧ್ಯಾಹ್ನ ಏರು ಹತ್ತುವಾಗ ಬೆನ್ನಲ್ಲಿ ಬೆವರು ಹರಿಯುತ್ತದೆ, ಸಂಜೆ ಗಾಳಿ ಮಳೆ ಎರಡೂ ಒಟ್ಟಿಗೆ. ಸಾವಿರ ಮೀಟರ್ ಮೇಲೇರಿದರೆ ಸಾಮಾನ್ಯವಾಗಿ 6 ಡಿಗ್ರಿಯಷ್ಟು ಉಷ್ಣತೆ ಇಳಿಯುತ್ತದೆ. ಇಷ್ಟಕ್ಕೆಲ್ಲ ಒಂದೇ ದಪ್ಪ ಜಾಕೆಟ್ ಏನು ಮಾಡೀತು? ಹಾಕಿಕೊಂಡರೆ ಬೇಯುತ್ತೀರಿ, ಬಿಚ್ಚಿದರೆ ನಡುಗುತ್ತೀರಿ. ಮಧ್ಯದ್ದು ಏನೂ ಇಲ್ಲ.

ಇದನ್ನು ನಾನು ಯಾವುದೋ ವಿಡಿಯೋ ನೋಡಿ ಹೇಳುತ್ತಿಲ್ಲ. ನನ್ನ ಮೊದಲ ಉದ್ದದ ನಡಿಗೆಯಲ್ಲಿ ನಾನೂ ಅದೇ ಪೆದ್ದ. ನಿಂತು ಬಟ್ಟೆ ಬಿಚ್ಚಲು ಸೋಮಾರಿತನ, ಜೊತೆಯವರು ಮುಂದೆ ಹೋಗಿಬಿಡುತ್ತಾರೆ ಅನ್ನುವ ಮರ್ಯಾದೆ ಬೇರೆ. ಇದ್ದದ್ದನ್ನೆಲ್ಲ ಹಾಕಿಕೊಂಡೇ ಹತ್ತಿದೆ. ತುದಿ ತಲುಪಿ ಗಾಳಿಗೆ ಮೈಯೊಡ್ಡಿದ ಹತ್ತೇ ನಿಮಿಷಕ್ಕೆ ಜಿಪ್ ಎಳೆಯಲೂ ಬೆರಳು ಬರಲಿಲ್ಲ. ಒಂದು ಹನಿ ಮಳೆ ಬಿದ್ದಿರಲಿಲ್ಲ ಕಣ್ರೀ, ನನ್ನ ಬೆವರೇ ನನ್ನನ್ನು ತೋಯಿಸಿತ್ತು! ಮೈ ಒದ್ದೆಯಾಗಿ ಗಾಳಿಯೂ ಬೀಸಿದರೆ, ನೀರು ಹೆಪ್ಪುಗಟ್ಟದ ಹವೆಯಲ್ಲೂ ಹೈಪೊಥರ್ಮಿಯಾ, ಅಂದರೆ ಮೈಯ ಬಿಸಿ ಅಪಾಯಕಾರಿಯಾಗಿ ಇಳಿಯುವುದು, ಆಗುತ್ತದೆ ಅಂತ ಆಮೇಲೆ ಗೊತ್ತಾಯಿತು.

ಅದಕ್ಕೇ ಈಗ ಹೊರಡುವಾಗ ಸ್ವಲ್ಪ ಚಳಿ ಅನ್ನಿಸುವಷ್ಟೇ ಬಟ್ಟೆ ಹಾಕುತ್ತೇನೆ. ಕಾಲು ಗಂಟೆ ನಡೆದರೆ ಮೈ ತಾನಾಗಿ ಬೆಚ್ಚಗಾಗುತ್ತದೆ. ಮೈಗೆ ಅಂಟಿಕೊಂಡಂತೆ ಮೆರಿನೊ ಕುರಿಯ ಉಣ್ಣೆಯ ತೆಳ್ಳನೆಯ ಅಂಗಿ, ಮೇಲೊಂದು ಫ್ಲೀಸ್ (ಮೆತ್ತಗಿನ, ಬೆಚ್ಚನೆಯ ಸಿಂಥೆಟಿಕ್ ಅಂಗಿ), ಗಾಳಿ ಮಳೆಗೆ ರೇನ್ ಜಾಕೆಟ್. ಪಾಲಿಯೆಸ್ಟರ್ ಬೇಗ ಒಣಗುತ್ತದೆ, ನಿಜ, ಆದರೆ ಎರಡನೇ ದಿನಕ್ಕೇ ಅದರ ಬೆವರು ನಾತಕ್ಕೆ ಪಕ್ಕದಲ್ಲಿ ಮಲಗುವವರು ನಿಮ್ಮ ಸ್ನೇಹವನ್ನೇ ಮರುಪರಿಶೀಲಿಸುತ್ತಾರೆ. ಕಾಟನ್ ಅಂತೂ ನೀರು ಕುಡಿದರೆ ಬಿಡುವುದೇ ಇಲ್ಲ, ಒದ್ದೆ ಜೀನ್ಸ್ ಹಾಕಿಕೊಂಡು ನಡೆದವರನ್ನೇ ಕೇಳಿ. ನಿಂತಾಗ ಹಾಕಲು ಹಗುರವಾದ, ಉಬ್ಬಿದ ಜಾಕೆಟ್ ಒಂದಿರಲಿ. ಗರಿ ತುಂಬಿದ್ದು ನೆನೆದರೆ ಮುದ್ದೆಯಾಗಿ ಬಿಸಿ ಹಿಡಿಯುವುದಿಲ್ಲ, ಹಾಗಾಗಿ ಮಳೆಯ ವಸಂತಕ್ಕೆ ನನ್ನ ಓಟು ಸಿಂಥೆಟಿಕ್‌ಗೆ. ಮಲಗಲು ಒಂದು ಜೊತೆ ಒಣ ಬಟ್ಟೆ ಮಾತ್ರ ಬೇರೆಯೇ ಇರಬೇಕು. ಬೆಳಗ್ಗೆ ಮತ್ತೆ ಒದ್ದೆ ಅಂಗಿ ಹಾಕುವಾಗ ಅಳು ಬರುತ್ತದೆ, ಬರಲಿ. ಆ ಒಣ ಬಟ್ಟೆಯನ್ನು ನಡೆಯಲು ಹಾಕಿದಿರೋ, ರಾತ್ರಿಗೆ ಏನೂ ಉಳಿಯುವುದಿಲ್ಲ.

"ಭಾರಕ್ಕಿಂತ ಜೀವ ಮುಖ್ಯ ಅಲ್ವಾ?" ಅಂತ ಕಾಮೆಂಟ್ ಹಾಕಲು ಬೆರಳು ತುರಿಸುತ್ತಿರುವವರೇ, ಸ್ವಲ್ಪ ತಡೀರಿ. ಹಿಮದಲ್ಲೇ ದಿನಗಟ್ಟಲೆ ಕೂರುವವರಿಗೆ ದಪ್ಪ ಜಾಕೆಟ್ ಬೇಕು, ಒಪ್ಪಿದೆ. ಆದರೆ ನೀವು ಕೂರಲು ಹೋಗುತ್ತಿಲ್ಲ, ನಡೆಯಲು ಹೋಗುತ್ತಿದ್ದೀರಿ. ಚಳಿ ಜಾಸ್ತಿಯಾದರೆ ತೆಳು ಬಟ್ಟೆಗಳನ್ನು ಒಂದರ ಮೇಲೊಂದು ಹಾಕಬಹುದು, ಸೆಕೆಯಾದರೆ ದಪ್ಪ ಜಾಕೆಟ್ಟನ್ನು ಅರ್ಧ ಬಿಚ್ಚಲಾಗುತ್ತದೆಯೇ?

ಇಷ್ಟೆಲ್ಲ ಭಾಷಣ ಬಿಗಿಯುವ ನನ್ನ ಬ್ಯಾಗಿನ ತಳದಲ್ಲೂ ಒಂದು ಹಳೇ ಕಾಟನ್ ಟೀ ಶರ್ಟ್ ಇರುತ್ತದೆ. ಇಷ್ಟು ವರ್ಷ ಹೊತ್ತಿದ್ದೇನೆ, ಒಮ್ಮೆಯೂ ಹಾಕಿಲ್ಲ. ಯಾಕೆ ಅಂತ ಕೇಳಬೇಡಿ.

ಗೆಳೆಯ ಕೊನೆಗೆ ಒಂದು ಜೀನ್ಸ್ ತೆಗೆದಿಟ್ಟ, ಜಾಕೆಟ್ ಮಾತ್ರ ಮುಟ್ಟಲು ಬಿಡಲಿಲ್ಲ. ನಾಳೆ ಬೆಳಗ್ಗೆ ಮತ್ತೆ ಹೋಗುತ್ತಿದ್ದೇನೆ, ತಕ್ಕಡಿ ಹಿಡಿದುಕೊಂಡು.