ಬೇರೆ ಏರ್‌ಲೈನ್ ನೋಡಿ, ಆದರೆ ವಿಮಾನದ ಮಾದರಿಯನ್ನೂ ನೋಡಿ

ಪಾಯಿಂಟ್ಸ್ (ಪದೇಪದೇ ಹಾರುವವರಿಗೆ ಕಂಪನಿ ಕೊಡುವ ಅಂಕಗಳು) ಇರುವ ಏರ್‌ಲೈನ್ ಬಿಟ್ಟು ಬೇರೆ ಕಡೆ ಹೋಗಬೇಡಿ ಅಂತ ವಿಮಾನ ಪ್ರಯಾಣದ ಬಗ್ಗೆ ನಾನು ಓದಿದ ಒಂದು ಲೇಖನದಲ್ಲಿ ಲೇಖಕರು ಬರೆದಿದ್ದಾರೆ. ನಾನು ಒಪ್ಪಲ್ಲ. ವರ್ಷಗಟ್ಟಲೆ ಒಂದೇ ಯುರೋಪಿಯನ್ ಕಂಪನಿಯ ಬಿಸಿನೆಸ್ ಕ್ಲಾಸಿನಲ್ಲಿ ಅಮೆರಿಕಕ್ಕೆ ಹೋಗುತ್ತಿದ್ದೆ. ಅಲ್ಲಿ 2-2-2 ಸೀಟು, ಅಂದರೆ ಸಾಲಿನಲ್ಲಿ ಎರಡೆರಡು ಸೀಟಿನ ಮೂರು ಜೋಡಿ, ನಡುವೆ ಎರಡು ನಡುದಾರಿ. ಕಿಟಕಿ ಪಕ್ಕ ಕೂತರೆ ರಾತ್ರಿ ಏಳಲು ಮಲಗಿದವರ ಕಾಲು ದಾಟಲೇಬೇಕು. ಈ ಸಲ ದೋಹಾದಿಂದ ಮುಂದಕ್ಕೆ ಕತಾರ್ ಏರ್‌ವೇಸ್‌ನ ಕ್ಯೂಸ್ವೀಟ್ (ಅವರ ಬಿಸಿನೆಸ್ ಕ್ಲಾಸಿನ ಪುಟ್ಟ ಕೋಣೆಯಂಥ ಸೀಟು) ತಗೊಂಡೆ. 1-2-1 ಜೋಡಣೆ, ಯಾವ ಸೀಟಿನಿಂದಲೂ ನೇರ ನಡುದಾರಿಗೆ ಕಾಲಿಡಬಹುದು, ಎಳೆದುಕೊಳ್ಳಲು ಬಾಗಿಲು ಬೇರೆ. ಊಟವೂ ನಮಗೆ ಹಸಿವಾದಾಗ. ಹತ್ತಿದ ಕೂಡಲೇ ಮಲಗಿಬಿಟ್ಟೆ. ಎದ್ದು ಕೇಳಿದಾಗ ಮುಖ ಸಿಂಡರಿಸದೆ, ಮೇಜಿಗೆ ಬಟ್ಟೆ ಹಾಸಿ, ಬಿಸಿಬಿಸಿಯಾಗಿ ಬಡಿಸಿದರು.

ಕಿಟಕಿ ಬೇಕೆನ್ನುವವರು ಎ ಅಥವಾ ಕೆ ಸೀಟು ಹಿಡಿಯಿರಿ. ಅವು ವಿಮಾನದ ಬಾಲದ ಕಡೆ ಮುಖ ಮಾಡಿರುತ್ತವೆ. ಟೇಕಾಫ್ ಆಗುವಾಗ ಮೈ ಬೆಲ್ಟಿನ ಮೇಲೆ ಜಗ್ಗುತ್ತದೆ, ಆಮೇಲೆ ಗೊತ್ತೇ ಆಗಲ್ಲ.

ಬುಕ್ ಮಾಡುವ ಮುಂಚೆ ಸೀಟ್ ಮ್ಯಾಪ್ ತೆರೆದು ನೋಡಿ: ಕತಾರ್‌ನ 787-8, ಎ380 ಮಾದರಿಯ ವಿಮಾನಗಳಲ್ಲಿ ಕ್ಯೂಸ್ವೀಟ್ ಇಲ್ಲ. ಇನ್ನು ಪಾಯಿಂಟ್ಸ್ ಚಿಂತೆ ಇದ್ದರೆ, 2022ರಿಂದ ಕತಾರ್‌ನದ್ದೂ ಬ್ರಿಟಿಷ್ ಏರ್‌ವೇಸ್‌ನಂತೆ ಆವಿಯೋಸ್ ಪಾಯಿಂಟ್ಸೇ. ಒಂದರಿಂದ ಇನ್ನೊಂದಕ್ಕೆ ವರ್ಗಾಯಿಸಿಕೊಳ್ಳಬಹುದು.