ಮ್ಯೂಸಿಯಂಗೆ ಅಜ್ಜಿಯನ್ನೂ ಕರೆದುಕೊಂಡು ಹೋಗಿ

ಹೋದ ತಿಂಗಳು ನೆಂಟರ ಮದುವೆಗೆ ಹೋಗಿದ್ದಾಗ ಆ ಊರಿನ ಸಣ್ಣ ಮ್ಯೂಸಿಯಂ ನೋಡಿ ಬಂದೆವು. ಊರಿನ ಹೆಸರು ಬೇಡ ಬಿಡಿ. ನಾನು, ನಾಲ್ಕನೇ ಕ್ಲಾಸಿನ ಮಗ, ನನ್ನ ಅಮ್ಮ. "ಮುಟ್ಟಬೇಡಿ" ಬೋರ್ಡು ಏಳು ಇವೆ ಅಂತ ಮಗ ಎಣಿಸಿ ಹೇಳಿದ. ಅವನು ಅಲ್ಲಿ ಓದಿದ್ದು ಅಷ್ಟೇ!

ಆದರೆ ಮೂಲೆಯಲ್ಲಿದ್ದ ಹಳೇ ಸೇರು, ಪಾವು ನೋಡಿ ಅಮ್ಮ ನಿಂತುಬಿಟ್ಟರು. "ನಾಲ್ಕು ಪಾವಿಗೆ ಒಂದು ಸೇರು ಕಣೋ. ನಮ್ಮಪ್ಪ ಕಣದಲ್ಲಿ ರಾಗಿ ಅಳೆಯುವಾಗ ಒಂದು ಅಂತಿರಲಿಲ್ಲ. ಲಾಭ, ಎರಡು, ಮೂರು ಅಂತ ಎಣಿಸೋರು." "ಯಾಕಜ್ಜಿ ಲಾಭ?" ಅಂತ ಇವನು ಶುರು ಮಾಡಿದ. ಅಷ್ಟರಲ್ಲಿ ಕಾವಲಿನವರು ಬಂದು, ಊಟದ ಹೊತ್ತಾಯ್ತು, ಮುಂದೆ ನಡೀರಿ ಅಂದರು.

ಬಸ್ಸಿನಲ್ಲಿ ಚಿತ್ರದುರ್ಗಕ್ಕೆ ವಾಪಸ್ ಬರುವಾಗ ನನಗೆ ಅದೇ ಯೋಚನೆ. ನಮ್ಮೂರಲ್ಲೂ ರಂಗಯ್ಯನ ಬಾಗಿಲ ಹತ್ತಿರ ಮ್ಯೂಸಿಯಂ ಇದೆ. ತಿಂಗಳಿಗೊಂದು ಭಾನುವಾರ ಬೆಳಗ್ಗೆ ಎರಡು ಗಂಟೆ ಕಾಲ, ಮನೆಮಂದಿಗೆಲ್ಲ ಬಿಟ್ಟಿ ಕಾರ್ಯಕ್ರಮ ಯಾಕೆ ಮಾಡಬಾರದು?

ಭಾಷಣ, ಶಾಲು, ಹಾರ ಬೇಡ ಮಾರಾಯ್ರೇ. ಒಂದು ತೊಟ್ಟಿ ಮರಳು, ಕುಂಬಾರರ ಹತ್ತಿರ ತಂದ ಮೂರು ಮಡಕೆ ಸಾಕು. ಮಡಕೆ ಒಡೆದು ಮರಳಿನಲ್ಲಿ ಹೂತಿಡಿ. ಮಕ್ಕಳು ಬ್ರಷ್ ಹಿಡಿದು ಚೂರು ಹುಡುಕಲಿ, ಜೋಡಿಸಲಿ. 1947ರಲ್ಲಿ ಪುರಾತತ್ವ ತಜ್ಞ ಮಾರ್ಟಿಮರ್ ವೀಲರ್ ನಮ್ಮೂರ ಪಕ್ಕದ ಚಂದ್ರವಳ್ಳಿಯಲ್ಲಿ ನೆಲ ಅಗೆಸಿದಾಗಲೂ ಹಳೇ ಕಾಲ ತಿಳಿದದ್ದು ಹೀಗೆ ಮಡಕೆ ಚೂರುಗಳಿಂದ, ನಾಣ್ಯಗಳಿಂದ. ರೋಮ್ ದೇಶದ ಬೆಳ್ಳಿ ನಾಣ್ಯ ನಮ್ಮ ಚಂದ್ರವಳ್ಳಿಯ ಮಣ್ಣಿನಲ್ಲಿ ಸಿಕ್ಕಿದೆ ಅಂದರೆ ಯಾವ ಹುಡುಗ ಕಣ್ಣರಳಿಸಲ್ಲ ಹೇಳಿ.

ಇನ್ನೊಂದು ನನಗೆ ಬಲು ಇಷ್ಟ. ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯ ಅಶೋಕನ ಶಾಸನ ಬರೆದವನು ಚಪಡ. ಎಲ್ಲ ಬ್ರಾಹ್ಮಿ ಲಿಪಿಯಲ್ಲಿ ಬರೆದು, ಕೊನೆಗೆ ಲಿಪಿಕಾರ, ಅಂದರೆ ಬರೆಯುವವನು, ಅನ್ನೋ ಮಾತನ್ನು ಮಾತ್ರ ಬಲದಿಂದ ಎಡಕ್ಕೆ ಓದುವ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ನನಗೆ ಇನ್ನೊಂದು ಲಿಪಿನೂ ಬರುತ್ತೆ ನೋಡಿ ಅನ್ನೋ ಜಂಬ ಇರಬೇಕು! ಮಕ್ಕಳಿಗೆ ಬ್ರಾಹ್ಮಿ ಅಕ್ಷರದ ಹಾಳೆ ಕೊಟ್ಟು ಅವರವರ ಹೆಸರು ಬರೆಸಿದರೆ ಆ ಹಾಳೆ ಮನೆ ಗೋಡೆ ಮೇಲೆ ವರ್ಷಗಟ್ಟಲೆ ಇರುತ್ತೆ.

ಎಲ್ಲಕ್ಕಿಂತ ಮುಖ್ಯ, ಅಜ್ಜ ಅಜ್ಜಿಯರನ್ನು ಕರೆಯಿರಿ. ಅಟ್ಟದ ಮೇಲಿನ ಒಂದು ಸಾಮಾನು ತಂದು, ಅದರ ಕಥೆ ಹೇಳಲಿ. ಸೇರು, ಲಾಂದ್ರ, ಬೀಸುವ ಕಲ್ಲು, ಕೂರಿಗೆ, ಏನಾದರೂ ಸರಿ. ಓಬವ್ವ ಒನಕೆ ಹಿಡಿದಳು ಅಂತ ನಮ್ಮ ಮಕ್ಕಳಿಗೆಲ್ಲ ಗೊತ್ತು, ಒನಕೆ ಎಷ್ಟು ಭಾರ ಅಂತ ಗೊತ್ತಿಲ್ಲ. ಒಂದು ಸಲ ಎತ್ತಿ ನೋಡಲಿ, ಭತ್ತ ಕುಟ್ಟಿದ ಕೈಗಳೇ ಪಕ್ಕದಲ್ಲಿ ನಿಂತು ತೋರಿಸಲಿ.

ಬಿಟ್ಟಿ ಕೊಟ್ಟರೆ ಬೆಲೆ ಇರಲ್ಲ ಅಂತ ಸ್ನೇಹಿತರೊಬ್ಬರು ಅಂದರು. ನಾನು ಒಪ್ಪಲ್ಲ. ಕೋಟೆಗೆ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ, ಅದಕ್ಕೇನು ಕೋಟೆಯ ಬೆಲೆ ಕಮ್ಮಿ ಆಯ್ತಾ? ಹಿರಿಯೂರಿನಿಂದಲೋ ಚಳ್ಳಕೆರೆಯಿಂದಲೋ ಐದು ಜನ ಬಂದರೆ ಆಟೋ, ತಿಂಡಿ, ಮಕ್ಕಳ ಐಸ್‌ಕ್ರೀಂ ಅಂತ ಖರ್ಚು ಇದ್ದೇ ಇದೆ. ಹೆಂಗಸರಿಗೆ ಬಸ್ಸಾದರೂ ಫ್ರೀ, ಅದೊಂದು ಸಮಾಧಾನ.

ಮೇ 18 ಅಂತರರಾಷ್ಟ್ರೀಯ ಮ್ಯೂಸಿಯಂ ದಿನ. ನಮ್ಮಲ್ಲಿ ಬೇಸಿಗೆ ರಜೆ, ಮಕ್ಕಳು ಮೊಬೈಲ್ ಹಿಡಿದು ಮನೆಯಲ್ಲೇ ಬಿದ್ದಿರುತ್ತವೆ. ಅವತ್ತಿನಿಂದಲೇ ಶುರು ಮಾಡಬಹುದು. ಸೇರು ನಮ್ಮ ಮನೆಯಿಂದ ಅಮ್ಮ ತರ್ತಾರಂತೆ, ಅದಾಗಲೇ ಅಟ್ಟದಿಂದ ಇಳಿದಿದೆ.

ಮಗ ಈಗ ಗಲ್ಲಿ ಕ್ರಿಕೆಟ್‌ನಲ್ಲೂ ಮೊದಲ ರನ್ನಿಗೆ "ಲಾಭ" ಅಂತ ಕೂಗ್ತಾನೆ. ಜೊತೆ ಹುಡುಗರು ಜಗಳಕ್ಕೆ ಬಂದಿದ್ದಾರೆ.